ಮೂರನೇ ಕರೆ

ನಮ್ಮ ಮನೆಯಲ್ಲಿ ಯಾರೇ ಕರೆದರೂ ಮೊದಲ ಕರೆಗೆ ಓಗೊಡುವುದಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೇ ಸಲ ಕರೆದರೆ ಮಾತ್ರ 'ಓ' ಎನ್ನಬೇಕು. ಕಾಶಿಗೆ ಅಸ್ಥಿ ತರುವ ಕನ್ನಡದ ಯಾತ್ರಿಕರಿಗೆ ಪೌರೋಹಿತ್ಯ ಮಾಡುವ ಮನೆತನ ನಮ್ಮದು. ಸಂಜೆಯ ರೈಲಿಗೆ ಬಂದವರು ತಂದ ಗಡಿಗೆಯನ್ನು ಬೆಳಗಿನ ವಿಸರ್ಜನೆಯ ತನಕ ಒಳಗೆ ತರುವಂತಿಲ್ಲ. ಕೆಂಪು ಬಟ್ಟೆ ಸುತ್ತಿ ಹೊರಬಾಗಿಲ ಪಕ್ಕದ ಗೋಡೆಯ ಕಬ್ಬಿಣದ ಕೊಕ್ಕೆಗೆ ತೂಗುಹಾಕುತ್ತೇವೆ. ಅದು ಅಲ್ಲಿ ತೂಗುವಷ್ಟು ಹೊತ್ತು ಅದರೊಳಗಿನವರು ಮನೆಯವರ ದನಿಯಲ್ಲೇ ಕರೆಯುತ್ತಾರಂತೆ. ಆದರೆ ಸತ್ತವರಿಗೆ ಎರಡೇ ಸಲ ಕರೆಯಲು ಬರುತ್ತದಂತೆ. ಮೂರನೆಯದು ಬದುಕಿದವರದೇ. ಕೊಕ್ಕೆ ಖಾಲಿ ಇರುವ ದಿನ ನಮ್ಮಲ್ಲಿ ಅಪರೂಪವಾದ್ದರಿಂದ ಈ ನಿಯಮ ಹನ್ನೆರಡು ತಿಂಗಳೂ ನಡೆಯುತ್ತದೆ.

ಮದುವೆಯಾಗಿ ಧಾರವಾಡದ ಕಡೆಯಿಂದ ಬಂದ ಹೊಸದರಲ್ಲಿ ಇದನ್ನು ಕೇಳಿ ನನಗೆ ನಗು ಬಂದಿತ್ತು. ಒಂದು ತಿಂಗಳಲ್ಲಿ ನಗು ಹೋಗಿ ಅಭ್ಯಾಸವಾಯಿತು, ಹದಿನಾರು ವರ್ಷದಲ್ಲಿ ಭಯವೂ ಆಯಿತು. ಸಾವಿನ ಅನ್ನ ತಿನ್ನುವವರಿಗೆ ಎಲ್ಲದರಲ್ಲೂ ಸಾವೇ ಕಾಣುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ.

ಕಳೆದ ವರ್ಷವಿಡೀ ನನಗೆ ಅತ್ತೆಯ ಮೇಲೆ ಸಿಟ್ಟಿತ್ತು. ಅವರು ಈ ಮೂರು ಕರೆಯ ನಿಯಮವನ್ನು ನನ್ನ ಮೇಲೆ ಬೇಕೆಂದೇ ಹಿಡಿದು ಸಾಧಿಸುತ್ತಿದ್ದಾರೆ ಅನಿಸುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಕೂಗಿದರೂ ಕದಲುತ್ತಿರಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಅವರ ಮುಂದೆ ಹೋಗಿ ನಿಂತು ಮೂರನೇ ಸಲ ಕರೆದಾಗ ಮಾತ್ರ ತಲೆಯೆತ್ತಿ 'ಓ' ಎನ್ನುತ್ತಿದ್ದರು. ಜಾಣಕಿವುಡು ಎಂದು ನಾನು ಅವರ ಬೆನ್ನ ಹಿಂದೆ ಗೊಣಗುತ್ತಿದ್ದೆ. ಅದಕ್ಕಿಂತ ಕೆಟ್ಟದ್ದನ್ನೂ ಆಡಿದ್ದೇನೆ. ಕೇಳಿಸಿದರೆ ಕೇಳಿಸಲಿ ಎಂದೇ ಆಡುತ್ತಿದ್ದೆ.

ನಡುವೆ ಅವರು ಹಾಡುವುದನ್ನೂ ಬಿಟ್ಟರು. ನಾನು ಬಂದ ದಿನದಿಂದ ಬೆಳಗಿನ ಜಾವ ಗಂಗೆಗೆ ಹೋಗುವಾಗ ಮೆಟ್ಟಿಲಿಳಿಯುತ್ತ ಹಾಡಿಕೊಳ್ಳುತ್ತಿದ್ದ ಹೆಂಗಸು. ಕೇಳಿದರೆ ಗಂಟಲು ಸರಿಯಿಲ್ಲ ಅಂದರು. ಮಾರ್ಚ್ ತಿಂಗಳಲ್ಲಿ ತಮ್ಮ ಎರಡು ರೇಷ್ಮೆ ಸೀರೆ ತಂದು ನನ್ನ ಪೆಟ್ಟಿಗೆಯಲ್ಲಿಟ್ಟರು. ಅದಾದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ಈ ಸಲ ಸಂಗೀತದ ಜಾತ್ರೆಗೆ ಹೋಗಬೇಕು ಅಂದರು.

ಊರ ದಕ್ಷಿಣದ ಒಂದು ದೇವಸ್ಥಾನದ ಅಂಗಳದಲ್ಲಿ ಪ್ರತಿ ವರ್ಷ ನಡೆಯುವ ದೊಡ್ಡ ಸಂಗೀತೋತ್ಸವ ಅದು. ದೇಶದ ದೊಡ್ಡ ದೊಡ್ಡ ಗಾಯಕರು ಬರುತ್ತಾರೆ, ಊರಿಗೆ ಊರೇ ಹೋಗುತ್ತದೆ. ನಮ್ಮ ಮನೆಯ ಹೆಂಗಸರು ಮಾತ್ರ ಎಂದೂ ಹೋಗಿರಲಿಲ್ಲ. ಕೊಕ್ಕೆಯಲ್ಲಿ ಗಡಿಗೆ ಇರುವಾಗ ಉತ್ಸವಕ್ಕೆ ಹೋಗಬಾರದು ಎಂದು ನಲವತ್ತು ವರ್ಷ ತಡೆದವರು ಇದೇ ಅತ್ತೆ. ಈಗ ಅವರೇ ಹೋಗಬೇಕು ಅಂದಾಗ ನನ್ನ ಗಂಡ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. ಇಬ್ಬರ ತಲೆಯಲ್ಲೂ ಬಂದದ್ದು ಒಂದೇ ಯೋಚನೆ. ಕೊನೆಯ ಆಸೆ ಕೇಳುವವರನ್ನು ನಾವು ಎಷ್ಟು ಜನರನ್ನು ಕಂಡಿಲ್ಲ? ಹಾಡು ನಿಲ್ಲುತ್ತದೆ, ಸೀರೆ ಹಂಚುತ್ತಾರೆ, ಬಯಸದ್ದನ್ನು ಬಯಸುತ್ತಾರೆ.

ಹೊರಡುವ ದಿನ ಸಂಜೆ ಕೊಕ್ಕೆಯಲ್ಲಿ ಗಡಿಗೆಯಿತ್ತು. ಬಳ್ಳಾರಿ ಕಡೆಯ ಒಬ್ಬ ಮೇಷ್ಟರದಂತೆ. ನನ್ನ ಗಂಡ ಕಾಶಿಯಲ್ಲೇ ಹುಟ್ಟಿ ಬೆಳೆದವರು, ಅವರ ಕನ್ನಡದಲ್ಲಿ ಅರ್ಧ ಹಿಂದಿ. ನನ್ನನ್ನು ಪಕ್ಕಕ್ಕೆ ಕರೆದು, "ಗಲಿಯೊಳಗ ಮಂದಿ ಭೀಡ್ ಭಾಳ ಇರ್ತದ. ಅವ್ವನ ಕೈ ಬಿಡಬ್ಯಾಡ, ಧ್ಯಾನ ಇರಲಿ" ಅಂದರು. ಆಮೇಲೆ ನನ್ನನ್ನು ನಗಿಸಲು, ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ತಲೆಯನ್ನಾದರೂ ಆಡಿಸಲಿ ಎಂದರು. ಸಂಗೀತದಲ್ಲಿ ನನ್ನ ಜ್ಞಾನ ಅಷ್ಟರದೇ.

ವಿಶ್ವನಾಥ ಗಲ್ಲಿ ದಾಟಿ ಗೋದೌಲಿಯಾ ಚೌಕದ ಕಡೆಗೆ ನಡೆಯುತ್ತಿದ್ದೆವು. ಅತ್ತೆ ಎರಡು ಹೆಜ್ಜೆ ಮುಂದಿದ್ದರು. ಹಿಂದಿನಿಂದ ಹೆಣ ಹೊತ್ತವರ 'ರಾಮ ನಾಮ ಸತ್ಯ ಹೈ' ಕೇಳಿಸಿತು. ಮಣಿಕರ್ಣಿಕಾ ಸ್ಮಶಾನದ ಆಸುಪಾಸಿನವರಿಗೆ ಈ ದನಿ ಬಂದರೆ ಕಾಲು ತಾನಾಗಿಯೇ ಗೋಡೆಗೆ ಸರಿಯುತ್ತದೆ. ಬೆಲೆ ಕೇಳುತ್ತಿದ್ದವರು ಮಾತು ನಿಲ್ಲಿಸದೆಯೇ ಸರಿಯುತ್ತಾರೆ, ಮಕ್ಕಳೂ ಸರಿಯುತ್ತಾರೆ. ನಾನೂ ಸರಿದು ನಿಂತೆ. ಅತ್ತೆ ಮಾತ್ರ ಗಲ್ಲಿಯ ನಟ್ಟನಡುವೆ ತಮ್ಮ ಪಾಡಿಗೆ ನಡೆದೇ ಇದ್ದರು. ಹೊತ್ತವರು ಕೂಗಿದರು. ನಾನು ಕರೆದೆ, ಮತ್ತೆ ಕರೆದೆ. ಅಷ್ಟರಲ್ಲಿ ಚಟ್ಟದ ಬಿದಿರಿನ ತುದಿ ಅವರ ಹೆಗಲಿಗೆ ತಾಗಿತು.

ಅವರು ಬೆಚ್ಚಿ ಗೋಡೆಗಾತು ನಿಂತರು. ಹಳದಿ ಬಟ್ಟೆ ಹೊದ್ದ ಹೆಣ ಅವರ ಮುಖದ ಪಕ್ಕದಲ್ಲೇ ಹಾದುಹೋಯಿತು. ಮನೆಗೆ ಹೋಗಿ ಸ್ನಾನ ಮಾಡೋಣ, ಉತ್ಸವ ಬೇಡ ಎಂದೆ. ತಡವಾಗುತ್ತದೆ ಎಂದು ಅವರು ಮುಂದೆ ಹೊರಟೇಬಿಟ್ಟರು. ಚಟ್ಟ ಮುಟ್ಟಿದ ಮೈಯಲ್ಲಿ ದೇವಸ್ಥಾನಕ್ಕೆ! ಪರಿಚಯದ ಅಂಗಡಿಯಿಂದ ಗಂಗಾಜಲ ಇಸಿದುಕೊಂಡು ಅವರ ತಲೆಗೆ ಚಿಮುಕಿಸಿದೆ. ಹೆಣ ಬಂದು ಅವರನ್ನು ಗುರುತು ಹಾಕಿಕೊಂಡು ಹೋಯಿತು ಎಂದೇ ನನಗೆ ಅನಿಸಿತ್ತು.

ಗೋದೌಲಿಯಾದಲ್ಲಿ ಬ್ಯಾಟರಿಯ ಟೋಟೋ ರಿಕ್ಷಾ ಹಿಡಿದು ಹೋಗುವಾಗ ಅವರ ಮಣಿಕಟ್ಟು ಹಿಡಿದೇ ಕೂತಿದ್ದೆ. ಸಂತೈಸುವವಳ ಹಾಗೆ ತೋರಿಸಿಕೊಂಡರೂ ಲೆಕ್ಕ ಮಾಡುತ್ತಿದ್ದುದು ನಾಡಿಯನ್ನು.

ಉತ್ಸವದ ಅಂಗಳದಂಥ ಜನಜಂಗುಳಿಯಲ್ಲಿ ನಾನು ಹಿಂದೆಂದೂ ಕೂತವಳಲ್ಲ. ಬಾಗಿಲಲ್ಲೇ ಚಪ್ಪಲಿಗಳ ಗುಡ್ಡ. ಒಳಗೆ ಜಮಖಾನೆ, ಚಾದರ, ಊಟದ ಡಬ್ಬಿ ಸಮೇತ ಸಂಸಾರಗಳು ಬೀಡುಬಿಟ್ಟಿದ್ದವು. ವೇದಿಕೆ ಕಾಣದವರಿಗಾಗಿ ಗೋಡೆಯೆತ್ತರದ ಪರದೆ, ಅದರ ಎರಡೂ ಬದಿಗೆ ಮನೆಯೆತ್ತರ ಪೇರಿಸಿದ ಕಪ್ಪು ಸ್ಪೀಕರುಗಳು. ಕೂರಲು ಎಲ್ಲೆಲ್ಲೋ ಒಳ್ಳೆಯ ಜಾಗವಿತ್ತು. ಅತ್ತೆ ಮಾತ್ರ ಜನರನ್ನು ದಾಟಿಕೊಂಡು ಹೋಗಿ ನೇರ ಸ್ಪೀಕರಿನ ಬುಡದಲ್ಲಿ ಚಾದರ ಹಾಸಿದರು. ಅಲ್ಲಿ ಬೇರೆ ಯಾರೂ ಕೂತಿರಲಿಲ್ಲ, ಯಾಕೆಂದು ತಬಲಾದ ಮೊದಲ ಪೆಟ್ಟಿಗೇ ತಿಳಿಯಿತು. ನನ್ನ ಹಲ್ಲು ಅಲುಗಿದಂತಾಯಿತು. ಸೆರಗನ್ನು ಕಿವಿಗೆ ಒತ್ತಿಕೊಂಡು, ಹಿಂದೆ ಹೋಗೋಣ ಎಂದು ಕೈಸನ್ನೆ ಮಾಡಿದೆ. ಅವರು ತಲೆಯಲ್ಲಾಡಿಸಿದರು.

ವಯಸ್ಸಾದ ಗಾಯಕರೊಬ್ಬರು ಹಾಡುತ್ತಿದ್ದರು. ಎಲ್ಲಿ ಭಲೇ ಎನ್ನಬೇಕು, ಎಲ್ಲಿ ಸುಮ್ಮನಿರಬೇಕು ನನಗೆ ಗೊತ್ತಿಲ್ಲ. ಒಮ್ಮೆ ಮುಗಿಯಿತೆಂದು ನಾನೊಬ್ಬಳೇ ಚಪ್ಪಾಳೆ ತಟ್ಟಿ ಅಷ್ಟು ದೂರ ಕೂತಿದ್ದ ಹೆಂಗಸೊಬ್ಬಳ ಕೆಂಗಣ್ಣಿಗೆ ಬಿದ್ದೆ. ಅತ್ತೆ ತಪ್ಪುತ್ತಿರಲಿಲ್ಲ. ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿದ್ದ ಗಾಯಕರ ಕೈಯನ್ನು ರೆಪ್ಪೆ ಬಡಿಯದೆ ನೋಡುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಎಲ್ಲರೂ ತಲೆದೂಗಿದಾಗ ತಲೆದೂಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಎಡ ಅಂಗೈಯನ್ನು ಎದೆಗೆ ಒತ್ತಿ ಹಿಡಿದರು. ಅದನ್ನು ತೆಗೆಯಲೇ ಇಲ್ಲ. ಮುಖ ಬಿಗಿದಿತ್ತು, ಹಣೆಯಲ್ಲಿ ಬೆವರಿತ್ತು.

ಎದೆನೋವು ಎಂದುಕೊಂಡೆ. ಹಾಡು, ಸೀರೆ, ಚಟ್ಟ, ಈಗ ಎದೆ. ಸುತ್ತ ನೋಡಿದೆ. ಹೊರಹೋಗುವ ದಾರಿಯ ತುಂಬ ಜನ. ಇವರು ಇಲ್ಲಿ ಕುಸಿದರೆ ಸಾವಿರ ಜನರ ಮೇಲೆ ಹೇಗೆ ಹೊತ್ತು ದಾಟಿಸಲಿ? ನನ್ನ ಗಂಡನಿಗೆ ಏನು ಹೇಳಲಿ? ಆ ಹೊತ್ತಿನಲ್ಲಿ ಅವರ ಮೇಲಿದ್ದ ವರ್ಷದ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಅವರು ಸಾಯಬಾರದು ಎಂಬುದೊಂದೇ ಉಳಿಯಿತು.

ಆಗ ಫಟ್ ಎಂದು ಸದ್ದಾಗಿ ಸ್ಪೀಕರುಗಳು ಸತ್ತವು. ಪರದೆಯೂ ಕಪ್ಪಾಯಿತು. ವೇದಿಕೆಯ ದೀಪ ಮಾತ್ರ ಉಳಿಯಿತು. ಜನ ಹೋ ಎಂದವರು ಮರುಕ್ಷಣ ತಾವೇ ಸುಮ್ಮನಾದರು, ಯಾಕೆಂದರೆ ಮುದುಕರು ಹಾಡುವುದನ್ನು ನಿಲ್ಲಿಸಿರಲಿಲ್ಲ. ಮೈಕಿಲ್ಲದ ಆ ದನಿ ಸ್ವಲ್ಪ ನಡುಗುತ್ತ, ಉಸಿರೆಳೆದುಕೊಳ್ಳುವ ಸದ್ದಿನ ಸಮೇತ ನಮ್ಮ ತನಕ ಬಂತು. ಕೋಣನಿಗೂ ಅರ್ಥವಾಗುವಂಥ ದನಿ. ನನ್ನ ಮೈ ಜುಮ್ಮೆಂದಿತು. ಅತ್ತೆಗೆ ಇದಕ್ಕಿಂತ ಹೆಚ್ಚು ಇನ್ನೇನು ಸಿಗಬೇಕು ಎಂದು ಅವರ ಕಡೆ ತಿರುಗಿದೆ.

ಅವರು ಎದೆಯಿಂದ ಕೈ ತೆಗೆದು ಆ ಅಂಗೈಯನ್ನೇ ನೋಡುತ್ತಿದ್ದರು. ಆಮೇಲೆ ಕಪ್ಪು ಪರದೆಯನ್ನು ನೋಡಿದರು. ಆ ನಿಶ್ಶಬ್ದದಲ್ಲಿ, ಹಾಡಿನ ನಡುವೆ, ಅಂಗಳಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ ನನ್ನನ್ನು ಕೇಳಿದರು:

"ಮುಗೀತೇನವಾ? ಏಳೂಣೇನು?"

ಜನ ತಿರುಗಿ ಉಶ್ ಎಂದರು. ಅವರು ಅದಕ್ಕೂ ತಿರುಗಲಿಲ್ಲ, ನನಗೆ ಬೆನ್ನು ಮಾಡಿ ಚಾದರದ ತುದಿ ಮಡಚತೊಡಗಿದರು. ನಾನು "ಅತ್ತಿ" ಎಂದೆ. ಇನ್ನೊಮ್ಮೆ ಎಂದೆ. ಮೂರನೇ ಸಲ ಅವರ ಬೆನ್ನಿನಿಂದ ಒಂದು ಗೇಣು ದೂರದಲ್ಲಿ ಬಾಯಿಟ್ಟು, ಸ್ಪಷ್ಟವಾಗಿ ಕರೆದೆ. ಮಡಚುತ್ತಲೇ ಇದ್ದರು.

ಮೂರನೇ ಸಲ ಕರೆಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲರೂ ಕರೆಸಿಕೊಳ್ಳುವವರ ಎದುರಿಗೇ ಬಂದು ನಿಂತಿರುತ್ತೇವೆ. ಅತ್ತೆ ಇಷ್ಟು ದಿನ ಓಗೊಟ್ಟದ್ದು ಕರೆಗಲ್ಲ, ಮುಂದೆ ಬಂದು ನಿಂತ ಮುಖಕ್ಕೆ. ಸಾವು ಹುಡುಕುತ್ತ ಕೂತ ನಾನು ಇದನ್ನು ಕಾಣಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಚಾದರ ಮಡಚಿ ತಿರುಗಿದವರು ನನ್ನ ಮುಖ ನೋಡಿದರು. ಅಲ್ಲಿ ಎಲ್ಲ ಬರೆದಿತ್ತೇನೋ.

"ನೀ ಮೂರನೇ ಸಲಾನೂ ಕರದಿ ಏನು?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ. ಅವರ ಕೈ ಹಿಡಿದು ಹೊರಗೆ ಚಹಾದ ಅಂಗಡಿಯ ಬೆಳಕಿಗೆ ಕರೆತಂದೆ, ನನ್ನ ತುಟಿ ಕಾಣಲಿ ಎಂದು. ಒಂದು ವರ್ಷದಿಂದ ಕಿವಿ ಮಂದವಾಗುತ್ತ ಬಂದು ಸಂಕ್ರಾಂತಿಯ ಹೊತ್ತಿಗೆ ಪೂರ್ತಿ ಹೋಯಿತಂತೆ. ತಮ್ಮ ಹಾಡು ತಮಗೇ ಕೇಳದೆ ಹಾಡುವುದನ್ನು ಬಿಟ್ಟರಂತೆ. ಇಲ್ಲಿಯ ಸ್ಪೀಕರುಗಳ ಸದ್ದಿಗೆ ಗೋಡೆ ನಡುಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಅಷ್ಟು ಸದ್ದಿಗೆ ಕಿವಿ ತೆರೆಯದೆ ಇರುತ್ತದೆಯೇ ಎಂದು ಆಸೆಯಾಯಿತಂತೆ. ಮಣ್ಣಿನ ಕುಲ್ಹಡದ ಚಹಾ ಅವರ ಕೈಯಲ್ಲಿ ಆರುತ್ತಿತ್ತು.

"ಎದಿಗೆ ಬಡೀತದ, ಕಿವಿಗೆ ಬರವಲ್ತು" ಎಂದರು. ಆಮೇಲೆ, "ನಿನ್ನ ಗಂಡಗ ಹೇಳಬ್ಯಾಡ. ಕಿವುಡಿ ಅಂತ ಗೊತ್ತಾದರ ಗಂಗಿಗೆ ಒಬ್ಬಾಕಿನ್ನ ಬಿಡೂದಿಲ್ಲ."

ಬಿಡದಿರುವುದೇ ಸರಿ ಎಂದು ನನಗೂ ಗೊತ್ತಿತ್ತು. ಆ ಗಲ್ಲಿಗಳಲ್ಲಿ ಹಿಂದಿನಿಂದ ಗೂಳಿ ಬರುತ್ತದೆ, ಬೈಕು ಬರುತ್ತದೆ, ಚಟ್ಟ ಬರುತ್ತದೆ. ಆದರೂ ಅವರ ಮಾತಿಗೆ ಹೂಂ ಎಂದೆ. ಮೈಕ್ ಹೋದ ಮೇಲೂ ಹಾಡು ನಿಂತಿರಲಿಲ್ಲ ಎಂದು ತಿಳಿಸಿದೆ. ಒಳಗೆ ಆ ಮುದುಕರ ಬರಿದನಿ ಹೇಗಿತ್ತು ಎಂದು ಕೇಳಿದರು. ನಡುಗುತ್ತಿತ್ತು, ಉಸಿರೂ ಕೇಳುತ್ತಿತ್ತು, ಯಾರೋ ಪಕ್ಕದಲ್ಲಿ ಕೂತು ನಮಗೊಬ್ಬರಿಗೇ ಹಾಡಿದಂತಿತ್ತು ಎಂದು ನಿಧಾನವಾಗಿ ತುಟಿಯಾಡಿಸಿ ಹೇಳಿದೆ. ಇನ್ನೊಮ್ಮೆ ಹೇಳು ಅಂದರು.

ಮನೆ ಸೇರಿದಾಗ ಕೊಕ್ಕೆಯಲ್ಲಿ ಮೇಷ್ಟರ ಗಡಿಗೆ ಹಾಗೇ ಇತ್ತು, ಕೆಂಪು ಬಟ್ಟೆ ಗಾಳಿಗೆ ಅಲುಗುತ್ತಿತ್ತು. ಅತ್ತೆ ನಲ್ಲಿಯ ಕೆಳಗೆ ಬಗ್ಗಿ ಕಾಲು ತೊಳೆಯುತ್ತಿದ್ದರು. ಮೇಲಿನಿಂದ ನನ್ನ ಗಂಡನ ದನಿ ಬಂತು, "ಅವ್ವಾ". ಅವರು ಎರಡನೇ ಸಲ ಕರೆದು ಮೆಟ್ಟಿಲಿಳಿದು ಬಂದು ಬಾಗಿದ ಬೆನ್ನಿಗೆ ಮೂರನೇ ಸಲ ಕರೆದರೆ ಎಲ್ಲ ಮುಗಿಯಿತು. ಗಡಿಗೆಯ ಕಡೆ ನೋಡಿದೆ. ಕರೆದದ್ದು ಯಾರು ಎಂಬ ಭಯ ಹದಿನಾರು ವರ್ಷದ್ದು, ಒಂದು ಸಂಜೆಗೆ ಹೋಗುವುದಲ್ಲ. ಆದರೂ ಮೊದಲ ಕರೆಗೇ "ಓ" ಎಂದೆ.

ಗಂಡ ಗಾಬರಿಯಿಂದ ಇಳಿದುಬಂದರು. ನಿನ್ನನ್ನಲ್ಲ ಕರೆದದ್ದು, ಅದೂ ಗಡಿಗೆ ಇರುವಾಗ ಮೊದಲ ಕರೆಗೇ ಓಗೊಡುತ್ತಾರೆಯೇ ಎಂದು ಬೈದರು. ಆಮೇಲೆ ತಾಯಿಯ ಎದುರಿಗೆ ಹೋಗಿ, ಹಾಡು ಹೇಗಿತ್ತು ಎಂದು ಕೇಳಿದರು. ಅತ್ತೆ ಮಗನ ತುಟಿ ನೋಡಿದರು.

"ಭಾಳ ಛಲೋ ಇತ್ತಪಾ. ನಡುವ ಮೈಕ್ ಹೋತು. ಆಮ್ಯಾಲಿನ ದನಿ ಏನ್ ಹೇಳಲಿ, ನಡಗತಿತ್ತು, ಉಸಿರೂ ಕೇಳತಿತ್ತು. ಬಾಜೂಕ ಕೂತು ನಮಗೊಬ್ಬರಿಗೇ ಹಾಡಿಧಂಗಿತ್ತು" ಎಂದರು.

ನಾನು ಒಲೆ ಹಚ್ಚುವ ನೆವದಲ್ಲಿ ಒಳಗೆ ಹೋದೆ. ಮರುದಿನ ಬೆಳಗಿನ ಜಾವ ಅವರು ತಂಬಿಗೆ ಹಿಡಿದು ಗಂಗೆಗೆ ಹೊರಟಾಗ ನಾನೂ ಹತ್ತು ಹೆಜ್ಜೆ ಹಿಂದೆ ಹೊರಟೆ. ತಿರುವಿನಲ್ಲಿ ಹಿಂದಿನಿಂದ 'ರಾಮ ನಾಮ ಸತ್ಯ ಹೈ' ಬಂತು. ಅವರನ್ನು ಕರೆಯಲಿಲ್ಲ, ಓಡಿದೆ.