ಸಾಕಮ್ಮನ ಪಾಲಿನ ಗಿಡಗಳು

ಸಮನಾಗಿ ಹಂಚುವುದು ಹೇಗೆಂದು ಪಾಠ ಹೇಳಿ ಸಂಬಳ ಪಡೆಯುವವಳು ನಾನು. ಆದರೂ ಮನೆಯಲ್ಲಿ ಕಲ್ಲಂಗಡಿ ಹೆಚ್ಚುವಾಗ ಯಾರೂ ನನ್ನ ಕೈಗೆ ಚಾಕು ಕೊಡುವುದಿಲ್ಲ.

ಹಾಸನದ ಕಾಲೇಜೊಂದರಲ್ಲಿ ನಾನು ಕಲಿಸುವುದು ಇಷ್ಟು: ಸೇತುವೆಯೊಂದು ಎಷ್ಟು ಭಾರ ತಡೆಯುತ್ತದೆಂದು ತಿಳಿಯಲು ಅದರ ಚಿತ್ರವನ್ನು ಲಕ್ಷಾಂತರ ಪುಟ್ಟ ತ್ರಿಕೋನಗಳ ಬಲೆಯಾಗಿ ಮಾಡುತ್ತೇವೆ. ಆ ಬಲೆಯನ್ನು ತುಂಡರಿಸಿ ನೂರಾರು ಕಂಪ್ಯೂಟರುಗಳಿಗೆ ಹಂಚಿಕೊಡಲು ಒಂದು ಸಾಫ್ಟ್‌ವೇರ್ ಇದೆ. ಅದಕ್ಕೆ ಎರಡೇ ವ್ರತ. ಎಲ್ಲರಿಗೂ ಸಮ ಕೆಲಸ ಸಿಗಬೇಕು, ಒಬ್ಬ ಹಿಂದೆ ಬಿದ್ದರೆ ಉಳಿದವರೆಲ್ಲ ಕಾಯುತ್ತ ಕೂರಬೇಕಾಗುತ್ತದೆ. ಮತ್ತೆ, ಪಾಲುಗಳ ನಡುವಿನ ಗಡಿ ಆದಷ್ಟು ಚಿಕ್ಕದಿರಬೇಕು. ಗಡಿ ಇದ್ದಲ್ಲಿ ಅಕ್ಕಪಕ್ಕದವರು ಮಾತಾಡಿಕೊಳ್ಳಬೇಕು, ಮಾತಾಡಿದರೆ ಹೊತ್ತು ದಂಡ.

ಈ ಜನವರಿಯಲ್ಲಿ ಹೆತ್ತೂರಿನ ಅಕ್ಕ ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದಳು. "ಎರಡು ದಿನ ಕಾಫಿ ಕೊಯ್ಲು ನೋಡ್ಕೊಳೇ ಮಾರಾಯ್ತಿ. ನೀನೇನೂ ಮಾಡ್ಬೇಡ, ಸುಮ್ನೆ ನಿಂತ್ಕೊ ಸಾಕು" ಎಂದಳು.

ಸುಮ್ಮನೆ ನಿಲ್ಲುವುದೊಂದನ್ನು ನಾನು ಯಾವ ತರಗತಿಯಲ್ಲೂ ಕಲಿತಿಲ್ಲ. ತೋಟದ ನಕ್ಷೆಯಲ್ಲಿ ಗಿಡಕ್ಕೊಂದು ಚುಕ್ಕೆ ಇಟ್ಟು ಸಾಫ್ಟ್‌ವೇರಿಗೆ ಉಣಿಸಿದೆ. ಕೊಯ್ಯುವ ಹನ್ನೆರಡು ಹೆಂಗಸರಿಗೆ ಹನ್ನೆರಡು ಪಾಲು ಬಂತು. ಯಾವತ್ತೂ ಉದ್ದುದ್ದ ಸಾಲು ಹಿಡಿದು ಗುಡ್ಡ ಹತ್ತುತ್ತಿದ್ದವರಿಗೆ ಗಡಿ ಚಿಕ್ಕದಾಗಲೆಂದು ದುಂಡುದುಂಡಗೆ ಮಾಡಿದ ತುಂಡುಗಳ ಬಣ್ಣದ ಹಾಳೆ ಹಂಚಿದೆ.

ಆ ದಿನ ತೋಟದಲ್ಲಿ ಒಂದು ಮಾತಿಲ್ಲ, ನಗುವಿಲ್ಲ. ಕೆಲಸ ಭೇಷಾಗಿ ಸಾಗಿದೆಯೆಂದು ನಾನು ಬೀಗಿದೆ. ಮೂರು ಗಂಟೆಗೆ ಹನ್ನೊಂದು ಜನ ಮುಗಿಸಿ ಬಂದು ಕೂತರು. ಸಾಕಮ್ಮ ಮಾತ್ರ ಹಳ್ಳದ ದಡದಲ್ಲಿ ಇನ್ನೂ ಅರ್ಧ ಪಾಲಿನಲ್ಲಿದ್ದಳು. ಈ ತೋಟದ ಗಿಡ ನೆಟ್ಟವಳೇ ಅವಳು, ಎಲ್ಲರಿಗಿಂತ ಹಿರಿಯಳು. ಅವಳ ಸೊಸೆ ರತ್ನ ಎದ್ದು ಅತ್ತ ಹೊರಟಳು. "ನಿನ್ನ ಪಾಲು ಮುಗೀತಲ್ಲ, ಕೂತ್ಕೊ" ಎಂದು ನಾನೇ ತಡೆದೆ. ಯಾರಿಗೆಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಬೇಕಿತ್ತು ನೋಡಿ! ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಸಾಕಮ್ಮ ಸೊಂಟದ ಚೀಲ ಬಿಚ್ಚಿ, ಮಡಿಸಿ, ನನ್ನ ಮುಂದಿಟ್ಟಳು. "ನಾಳೆಯಿಂದ ನಾ ಬರಾಕಿಲ್ಲ ಅಮ್ಮಾರೇ. ನನ್ನಿಂದ ಎಲ್ರೂ ಕಾಯಂಗಾತು."

ಅವಳು ಮುಂದೆ ಹೋದ ಮೇಲೆ ರತ್ನ ಹಿಂದುಳಿದು ಹೇಳಿದಳು: "ಅತ್ತೆ ಪಕ್ಕದ ಸಾಲು ಯಾವತ್ತೂ ನಂದೇ ಕಣಮ್ಮಾ. ಮಾತಾಡ್ತಾ ಮಾತಾಡ್ತಾ ಅವ್ರ ಸಾಲಿನ ಕೊಂಬೇನೂ ನಾನೇ ಎಳ್ಕೊಂಡು ಕೊಯ್ತಿದ್ದೆ. ಅವ್ರಿಗೆ ಗೊತ್ತೇ ಆಗ್ತಿರ್ಲಿಲ್ಲ. ಈ ತೋಟ ಬುಟ್ರೆ ಅವ್ರು ಮನೇಲಿ ಕೂತು ಕೊರಗ್ತಾರೆ."

ಬಿಡುವಾದ ಕಂಪ್ಯೂಟರು ಹೊರೆ ಹೆಚ್ಚಾದ ನೆರೆಯವನ ಕೆಲಸವನ್ನು ತಾನೇ ಎಳೆದುಕೊಳ್ಳುವ ಉಪಾಯಕ್ಕೆ ನಮ್ಮಲ್ಲಿ 'ಕೆಲಸ ಕದಿಯುವುದು' ಎನ್ನುತ್ತಾರೆ. ಪ್ರತಿ ವರ್ಷ ಪಾಠ ಮಾಡುತ್ತೇನೆ. ಕಣ್ಣೆದುರೇ ಇದ್ದ ಕಳ್ಳಿಯನ್ನು ಗುರುತಿಸದೆ, ಅವಳು ಕೈಚಾಚಿ ಕದಿಯುತ್ತಿದ್ದ ಆ ಗಡಿಯನ್ನೇ ಅಳಿಸಿ ಕೂತಿದ್ದೆ.

ಮರುದಿನ ಬೆಳಗ್ಗೆ ಸಾಕಮ್ಮನ ಮನೆಗೇ ಹೋದೆ. ರತ್ನಳ ಗುಟ್ಟು ಬಿಟ್ಟುಕೊಡುವಂತಿಲ್ಲ. "ತಪ್ಪು ನನ್ನ ಹಾಳೇದು. ಗಿಡ ಮಾತ್ರ ಎಣಿಸಿದೆ, ಹಣ್ಣು ನೋಡ್ಲಿಲ್ಲ. ಹಳ್ಳದ ಕಡೆ ಹಣ್ಣು ಜಾಸ್ತಿ" ಎಂದೆ. ಅದೂ ಸುಳ್ಳೇನಲ್ಲ. ಸಾಕಮ್ಮ ಒಂದು ಗಳಿಗೆ ನನ್ನನ್ನೇ ನೋಡಿದಳು. "ಆ ಹಾಳೆ ಒಲೆಗಾಕ್ಬುಡಿ, ಬತ್ತೀನಿ" ಎಂದಳು.

ಮತ್ತೆ ಉದ್ದ ಸಾಲುಗಳು, ಮತ್ತೆ ಗಲಗಲ ಮಾತು. ರತ್ನಳ ಕೈ ಪಕ್ಕದ ಸಾಲಿಗೆ ಹೋಗಿ ಬರುತ್ತಲೇ ಇತ್ತು. ಅವಳು ಚೀಲ ಸುರಿಯಲು ಹೋದಾಗ ಸಾಕಮ್ಮ ನನ್ನನ್ನು ಹತ್ತಿರ ಕರೆದಳು.

"ನನ್ ಕೊಂಬೆ ಎಳ್ಕೊಳೋದು ನಂಗೊತ್ತಿಲ್ಲ ಅನ್ಕೊಂಡವ್ಳೆ ಅವ್ಳು. ಇರ್ಲಿ, ನೀವೂ ಹೇಳ್ಬ್ಯಾಡಿ."

ಸಂಜೆ ಅಕ್ಕ ಮಲಗಿದಲ್ಲಿಂದಲೇ ಕೇಳಿದಳು: "ಇವತ್ತೇನ್ ಮಾಡ್ದೆ?"

"ಸುಮ್ನೆ ನಿಂತಿದ್ದೆ" ಎಂದೆ.