ಎಡಗಡೆ ಹೊಲಿಯದ ಕೌದಿ

ಮೊನ್ನೆ ಟ್ರಂಕು ತೆಗೆದಾಗ ಒಣಗಿದ ಬೇವಿನೆಲೆಯ ಜೊತೆ ತಲೆನೋವಿನ ಮುಲಾಮಿನ ವಾಸನೆಯೂ ಬಂತು. ತಳದಲ್ಲಿ ಆ ಕೌದಿ ಇತ್ತು. ಹುಟ್ಟಲಿದ್ದ ನನ್ನ ಮೊಮ್ಮಗುವಿಗೆಂದು ನಮ್ಮವ್ವನ ಹಳೆಯ ಸೀರೆಗಳನ್ನು ಕೂಡಿಸಿ ಪಕ್ಕದ ಮನೆಯ ಖಾಲಾ ಹೊಲಿದದ್ದು. ಹಣೆಗೆ ಮುಲಾಮು ಹಚ್ಚಿದ ಬೆರಳಿನಿಂದಲೇ ಸೂಜಿ ಹಿಡಿದಿರಬೇಕು...

ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಆಕೆಯ ಕೌದಿ ಇಲ್ಲದ ಮನೆ ಇರಲಿಲ್ಲ. ಆಕೆಗೆ ತಲೆನೋವು ಶುರುವಾದಾಗ, ಸೂಜಿ ಹಿಡಿದು ಹಿಡಿದು ಕಣ್ಣು ಸೋತಿವೆ ಎಂದು ಓಣಿಯವರೆಲ್ಲ ಸೇರಿ ತೀರ್ಪು ಕೊಟ್ಟೆವು. ಚಷ್ಮಾ ಎರಡು ಸಲ ಬದಲಾಯಿತು. ನೋವು ಮಾತ್ರ ಹೋಗಲಿಲ್ಲ.

ಕೌದಿ ತಂದುಕೊಟ್ಟ ದಿನ ಹಾಸಿ ನೋಡಿದರೆ ಎಡಗಡೆ ಮೊಳದಷ್ಟು ಅಗಲ ಹೊಲಿಗೆಯೇ ಇಲ್ಲ.

"ಇದೇನ್ರಿ ಖಾಲಾ, ಅರ್ಧಕ್ಕ ಬಿಟ್ಟೀರಲ್ಲ?"

"ಪೂರಾ ಹೊಲದೀನಿ ಬೇಟಿ, ನೋಡಿಲ್ಲೆ," ಎಂದು ಹೊಲಿದ ಕಡೆಯೇ ಅಂಗೈ ಆಡಿಸಿದರು.

ನನ್ನ ನಾಲಿಗೆ ಮೊದಲಿನಿಂದಲೂ ಉದ್ದ. "ಈ ವಯಸ್ಸಿನ್ಯಾಗ ಸುಳ್ಳು ಹೇಳೂದು ಕಲತ್ರೇನು? ಒಯ್ದು ಪೂರಾ ಮಾಡ್ರಿ" ಅಂದುಬಿಟ್ಟೆ. ಆಕೆ ಕೌದಿ ಮಡಿಚಿಕೊಂಡು ಹೋದರು.

ಎರಡು ತಿಂಗಳಾದ ಮೇಲೆ ಖಾಲಾ ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದು ಬಿದ್ದರು. ನಾನೇ ಗದಗಿಗೆ ಕರೆದುಕೊಂಡು ಹೋದೆ. ಡಾಕ್ಟರು ಗುಳಿಗೆ ಬರೆಯುವ ಅವಸರ ಮಾಡಲಿಲ್ಲ. "ಮುಂಜಾನೆ ಎದ್ದ ಕೂಡಲೇ ನೋಯತೈತೇನ್ರಿ? ಕೆಮ್ಮಿದ್ರ ಜಾಸ್ತಿ ಆಗತೈತೇನು? ವಾಂತಿ?" ಎಲ್ಲಕ್ಕೂ ಆಕೆ ಹೂಂ ಅಂದರು. ಡಾಕ್ಟರು ಆಕೆಯ ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಎದುರಿಗೆ ಕುಳಿತು, ತಮ್ಮ ಮೂಗನ್ನೇ ನೋಡಲು ಹೇಳಿ, ಎರಡೂ ಕೈ ಚಾಚಿ ಬೆರಳು ಆಡಿಸಿದರು. ಖಾಲಾ ತಮ್ಮ ಬಲಗಡೆ ಆಡುತ್ತಿದ್ದ ಡಾಕ್ಟರ ಬೆರಳನ್ನಷ್ಟೇ ತೋರಿಸಿದರು. ಎಡಗಡೆಯದು ಆಕೆಯ ಪಾಲಿಗೆ ಇರಲೇ ಇಲ್ಲ.



ಸ್ಕ್ಯಾನಿನಲ್ಲಿ ಮಿದುಳಿನ ಬಲಭಾಗದಲ್ಲಿ ಗಡ್ಡೆ ಕಂಡಿತು. ಕಣ್ಣು ಎರಡೂ ಚೆನ್ನಾಗಿದ್ದವಂತೆ. ಎಡಗಡೆಯದನ್ನು ಕಾಣುವ ಶಕ್ತಿಯನ್ನೇ ಗಡ್ಡೆ ತಿಂದಿತ್ತು. ಕಾಣುತ್ತಿಲ್ಲ ಎಂಬುದೂ ಆಕೆಗೆ ತಿಳಿದಿರಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು ಕೇಳಿದರು. "ಭಾಳ ತಡಾ ಆಗೇತ್ರಿ. ಅವರ ಕೆಲಸದಾಗ ಯಾರಿಗೂ ಏನೂ ಫರಕು ಕಂಡಿದ್ದಿಲ್ಲೇನು?"

"ಇಲ್ರಿ" ಅಂದೆ. ಆಕೆಯನ್ನು ಸುಳ್ಳಿ ಎಂದವಳು ನಾನು.

ರಮಜಾನ್ ಬರುವುದರೊಳಗೆ ಆಕೆ ತೀರಿಕೊಂಡರು. ಅವರ ತಂಗಿ ಕೌದಿ ತಂದುಕೊಟ್ಟಾಗ ಬಿಚ್ಚುವ ಧೈರ್ಯವಾಗದೆ ಟ್ರಂಕಿನ ತಳಕ್ಕೆ ತುರುಕಿದ್ದೆ. ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ, ಒಂದು ದಿನವೂ ಅದನ್ನು ಹೊದ್ದಿಲ್ಲ.

ಮೊನ್ನೆ ಮೊದಲ ಸಲ ಹಾಸಿದೆ. ಎಡಗಡೆ ಹಾಗೆಯೇ ಖಾಲಿ. ಬಲಗಡೆ ಮಾತ್ರ ಕೈಗೆ ರಟ್ಟಿನಂತೆ ಬಿರುಸಾಗಿ ಹತ್ತಿತು. ಬಗ್ಗಿ ನೋಡಿದರೆ ಹಳೆಯ ಸಾಲುಗಳ ನಡುನಡುವೆ ಹೊಸ ಸಾಲು, ಅದರ ನಡುವೆ ಮತ್ತೊಂದು... ಪೂರಾ ಮಾಡ್ರಿ ಅಂದಿದ್ದೆನಲ್ಲ. ಆ ತಲೆನೋವಿನಲ್ಲಿ ಕುಳಿತು, ತಮಗೆ ಕಂಡಷ್ಟನ್ನು ಖಾಲಾ ಮತ್ತೊಮ್ಮೆ ಪೂರಾ ಹೊಲಿದಿದ್ದರು.