ಅಜ್ಜನ ನೀರಿನ ಪಾಳಿ

ಮೊದಲು ಚಪ್ಪಲಿ ಹಿಡಿಸಲಿಲ್ಲ.

"ತೊಗಲ ಸೆಟದೈತಿ, ಸ್ವಲ್ಪ ಎಣ್ಣಿ ಹಚ್ಚವಾ ಸುಮಾ" ಎಂದ ಅಜ್ಜ. ಹಚ್ಚಿದೆ. ಮರುದಿನವೂ ಹಿಡಿಸಲಿಲ್ಲ. ಬಗ್ಗಿ ನೋಡಿದರೆ ಚಪ್ಪಲಿ ಇದ್ದ ಹಾಗೇ ಇತ್ತು, ಪಾದ ಬಾತಿತ್ತು. ಬೆರಳಿಂದ ಒತ್ತಿದರೆ ತಗ್ಗು ಬಿದ್ದು ಹಾಗೇ ಉಳಿಯುತ್ತಿತ್ತು.

ತೊಂಬತ್ತು ದಾಟಿದ ಪಾದ. ನರಗುಂದದಿಂದ ರೋಣದವರೆಗೆ ಕಾಲುವೆಯ ಏರಿ ಹಿಡಿದು ನಡೆದು ಸವೆದದ್ದು. ಅಜ್ಜ ಕಾಲುವೆ ಇಂಜಿನಿಯರ್ ಆಗಿದ್ದ. ನಿವೃತ್ತನಾಗಿ ನನ್ನ ವಯಸ್ಸಿನಷ್ಟು ವರ್ಷವಾದರೂ ಹಳ್ಳಿಯವರಿಗೆ ಅವನು 'ಕಾಲವಿ ಸಾಹೇಬ್ರು'.

ಗದಗಿನ ದವಾಖಾನೆಯಲ್ಲಿ ಎದೆಯ ಎಕೋ ಪರೀಕ್ಷೆ ಮಾಡಿದರು. ಡಾಕ್ಟರ್ ನನಗಿಂತ ಸಣ್ಣ ಹುಡುಗಿ. "ಹಾರ್ಟ್ ಪಂಪಿಂಗ್ ಭಾಳ ಕಡಿಮಿ ಆಗೈತ್ರಿ. ಅದಕ್ಕ ಮೈಯಾಗ ನೀರ ನಿಲ್ಲಾಕತ್ತೈತಿ. ದಿನಕ್ಕ ಒಂದ ಲೀಟರ್ ಮ್ಯಾಲೆ ನೀರ ಕೊಡಬ್ಯಾಡ್ರಿ."

ಅಜ್ಜಿ ಹೊರಗಿನ ಬೆಂಚಿನ ಮೇಲೆ ದೊಪ್ಪನೆ ಕೂತಳು. "ಊರೂರಿಗೆ ನೀರ ಮುಟ್ಟಿಸಿದ ಮನಶ್ಯಾರು ನೀರಡಿಸಿ ಹೋಗಬೇಕೇನವಾ?"

ಸಾವಿಗಿಂತ ಅದೇ ದೊಡ್ಡ ಹೆದರಿಕೆ ಅವಳಿಗೆ. ಆವತ್ತಿನಿಂದ ನನಗೂ.

ಗಜೇಂದ್ರಗಡದ ನನ್ನ ಶಾಲೆಗೆ ರಜೆ ಹಾಕಿ ಮನೆಯಲ್ಲಿ ಕೂತೆ. ಸುದ್ದಿ ಹಬ್ಬಿತು. ಜನ ಬಂದರು. ಚಿಕ್ಕನರಗುಂದದವರು, ಅಸೂಟಿಯವರು, ಗುರುತೇ ಇಲ್ಲದವರು. ನಮ್ಮ ಕಡೆ ಬೇನೆಬಿದ್ದವರನ್ನು ನೋಡಲು ಬರಿಗೈಯಲ್ಲಿ ಯಾರು ಬರುತ್ತಾರೆ? ಒಬ್ಬರು ಎಳನೀರು ತಂದರು, ಒಬ್ಬರು ಕಬ್ಬಿನ ಹಾಲು. ಬಸಪ್ಪಕಾಕಾ ಗಾಡಿಗೆ ಕ್ಯಾನ್ ಕಟ್ಟಿಕೊಂಡು ಮಜ್ಜಿಗೆ ತಂದ. ಕಾಲುವೆಯ ಕಟ್ಟಕಡೆಯ ಹೊಲ ಅವನದು. ಅಜ್ಜನನ್ನು ಕಂಡರೆ ಜೀವ ಬಿಡುವವನು.

"ಬ್ಯಾಡ ಕಾಕಾ, ಡಾಕ್ಟರ್ ಬೈತಾರ" ಎಂದೆ.

"ನೀರಲ್ಲ ಬಿಡವಾ, ಮಜ್ಜಿಗಿ. ಅವ್ರು ಬ್ಯಾಡ ಅಂದಿದ್ದ ನೀರ ಹೌದಲ್ಲ?"

ಹೌದೆನ್ನಿಸಿತು. ಡಾಕ್ಟರ್ ನೀರು ಅಂದಿದ್ದರು, ನಾವು ನೀರನ್ನಷ್ಟೇ ಅಳೆಯುತ್ತಿದ್ದೆವು. ಚಹಾ, ಗಂಜಿ, ಮಜ್ಜಿಗೆ ಎಲ್ಲ ಲೆಕ್ಕದ ಹೊರಗೆ. ಅಜ್ಜಿಗಂತೂ ಹಬ್ಬ. ಯಾರು ಏನು ತಂದರೂ ಸೆರಗಲ್ಲಿ ಕೈ ಒರೆಸಿಕೊಂಡು ಲೋಟ ತುಂಬುತ್ತಿದ್ದಳು. ಅಜ್ಜನೂ ನೀರಡಿಸಿದ್ದ, ಕುಡಿಯುತ್ತಿದ್ದ.

ಒಂದು ಮುಂಜಾನೆ ಅಜ್ಜನಿಗೆ ಉಸಿರು ಸಿಗಲಿಲ್ಲ.

ತುಟಿ ನೀಲಿ. ಎದೆಯೊಳಗೆ ಗೊರಗೊರ ಸದ್ದು. ಗದಗಿನವರೆಗೆ ಅಜ್ಜನ ತಲೆಯನ್ನು ನನ್ನ ಹೆಗಲಿಗೆ ಆನಿಸಿಕೊಂಡು 'ಬ್ಯಾಡ ಅಜ್ಜಾ, ಇವತ್ತ ಬ್ಯಾಡ' ಎಂದು ಬಡಬಡಿಸುತ್ತಲೇ ಹೋದೆ. ಆಕ್ಸಿಜನ್ ಹಚ್ಚಿದರು. ನೀರು ಇಳಿಯಲು ಇಂಜೆಕ್ಷನ್ ಕೊಟ್ಟರು. ಡಾಕ್ಟರ್ ಹುಡುಗಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಬೈದಳು. "ಮಜ್ಜಿಗ್ಯಾಗ ಇರೂದ ಏನ್ರಿ ಮತ್ತ? ಬಾಯಾಗ ಹೋಗೂದೆಲ್ಲಾ ನೀರ!" ಮಾಸ್ಕಿನ ಹಿಂದೆ ಅಜ್ಜ ಕಣ್ಣು ತೆರೆದು ಕೇಳುತ್ತಿದ್ದ. ಹುಬ್ಬು ಗಂಟಿಕ್ಕಿದ್ದು ಕಂಡು ನನಗೆ ಎಷ್ಟೋ ಧೈರ್ಯ ಬಂತು. ಅದು ಕೆಲಸದ ಲೆಕ್ಕ ಹಾಕುವಾಗಿನ ಹುಬ್ಬು.

ಡಿಸ್ಚಾರ್ಜ್ ಆಗಿ ಮನೆಗೆ ಬಂದವನೇ ಒಂದು ಲೀಟರ್ ಹಿಡಿಯುವ ತಂಬಿಗೆ ತರಿಸಿದ. ದಿನಾ ಬೆಳಿಗ್ಗೆ ಅದನ್ನು ತುಂಬಬೇಕು. ನೀರು ಕುಡಿದರೆ ಅದರಿಂದಲೇ; ಚಹಾ, ಮಜ್ಜಿಗೆ ಏನೇ ಕುಡಿದರೂ ಅಷ್ಟು ನೀರು ತಂಬಿಗೆಯಿಂದ ತೆಗೆದು ತುಳಸಿಗೆ ಹಾಕಬೇಕು. ತಂಬಿಗೆ ಬರಿದಾದರೆ ಆ ದಿನ ಮುಗಿಯಿತು. ಆದರೆ ಎಲ್ಲಕ್ಕಿಂತ ಮೊದಲು ಒಂದು ಬಟ್ಟಲು ನೀರು ಬಗ್ಗಿಸಿ, ತಾಟು ಮುಚ್ಚಿ ಇಡಬೇಕು. ಅದು ಸಂಜೆಯದು. ಯಾರೂ ಮುಟ್ಟುವ ಹಾಗಿಲ್ಲ.

ಬಸಪ್ಪಕಾಕಾ ಮತ್ತೆ ಬಂದ, ಮುಖ ಸಣ್ಣದು ಮಾಡಿಕೊಂಡು, ಬರಿಗೈಯಲ್ಲಿ. ಮುಚ್ಚಿದ ಬಟ್ಟಲು ನೋಡಿ ಅವನಿಗೆ ತಿಳಿದುಹೋಯಿತು.

"ತುದಿಯಿಂದ ಪಾಳಿ ಹಚ್ಚೀರೇನ್ರಿ ಸಾಹೇಬ್ರ?"

"ಹಚ್ಚಬೇಕಾತು. ಮುಂಜಾನೆನ ಎಲ್ಲಾ ಕುಡದ್ರ ಸಂಜಿಗೆ ಏನ ಉಳೀತೈತೋ?"

ಕಾಕಾ ನಗುತ್ತಲೇ ಕಣ್ಣೊರೆಸಿಕೊಂಡು ನನಗೆ ಹೇಳಿದ. ಮೇಲಿನ ಹೊಲದವರು ಕಾಲುವೆಗೆ ಕಲ್ಲು ಒಟ್ಟಿ ನೀರು ತಿರುವಿಕೊಳ್ಳುತ್ತಿದ್ದ ಕಾಲದಲ್ಲಿ ಅಜ್ಜ ಪಾಳಿಯನ್ನು ತುದಿಯ ಹೊಲದಿಂದ ಶುರು ಮಾಡಿದ್ದನಂತೆ. ಆ ಹೊಲಕ್ಕೆ ನೀರು ಬಿದ್ದ ಮೇಲೇ ಉಳಿದವರಿಗೆ. ಅಲ್ಲಿವರೆಗೆ ಅಜ್ಜ ಏರಿಯ ಮೇಲೇ ನಿಂತಿರುತ್ತಿದ್ದ. ನೀರು ಹೊಲ ಹೊಕ್ಕರೆ "ತುದಿಗೆ ಮುಟ್ತು" ಎನ್ನುವುದು, ಸೈಕಲ್ ಹತ್ತುವುದು. ಈ ಕತೆಯನ್ನು ಅಜ್ಜ ನಮಗೆ ಹೇಳಿರಲೇ ಇಲ್ಲ, ಮಹಾರಾಯ!

ಆಮೇಲಿನ ತಿಂಗಳುಗಳು ಸಲೀಸಾದವು. ಪಾದದ ಬಾವು ಇಳಿಯಿತು. ಚಪ್ಪಲಿ ಹಿಡಿಸಿತು. ಬಂದವರು ತಂಬಿಗೆ ನೋಡಿಯೇ ಮಾತಾಡಿಸಿ ಹೋಗುತ್ತಿದ್ದರು. ದಿನಾ ಸಂಜೆ ಅಜ್ಜ ಬಟ್ಟಲಿನ ನೀರನ್ನು ಗುಟುಕುಗುಟುಕಾಗಿ ಕುಡಿದು "ತುದಿಗೆ ಮುಟ್ತು" ಎನ್ನುತ್ತಿದ್ದ. ಅಜ್ಜಿ "ಹುಚ್ಚ ಮುದುಕ" ಎಂದು ಬಟ್ಟಲು ಬೋರಲು ಹಾಕುತ್ತಿದ್ದಳು.

ಮೊನ್ನೆ ಹೃದಯ ಸೋತಿತು. ಬೇನೆ ಇರಲಿಲ್ಲ, ಗೊರಗೊರ ಇರಲಿಲ್ಲ, ಬರೀ ಆಯಾಸ. ಡಾಕ್ಟರಿಗೆ ಫೋನ್ ಮಾಡಿದೆ. ಆ ಹುಡುಗಿಯ ದನಿ ಮೆತ್ತಗಾಯಿತು. "ಇನ್ನ ಇಲ್ಲಿಗೆ ಎತ್ತಿಕೊಂಡ ಬರಬ್ಯಾಡ್ರಿ. ಮನ್ಯಾಗ ಇರ್ಲಿ. ಎಷ್ಟ ಕೇಳ್ತಾರ ಅಷ್ಟ ನೀರ ಕೊಡ್ರಿ."

ಅಜ್ಜಿ ಲಗುಬಗೆಯಿಂದ ತಂಬಿಗೆ ತುಂಬಿ ತಂದಳು. ಅಜ್ಜ ತಲೆಯಾಡಿಸಿ ಬೇಡವೆಂದ. ಕಣ್ಣಲ್ಲೇ ಮುಚ್ಚಿದ ಬಟ್ಟಲು ತೋರಿಸಿದ. ನಾನು ತಲೆ ಎತ್ತಿ ಹಿಡಿದೆ. ಅಜ್ಜಿ ಕುಡಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ, ಎಲ್ಲ ಕುಡಿದ. ಮಾತಾಡಲು ತುಟಿ ಅಲುಗಿತು, ದನಿ ಬರಲಿಲ್ಲ.

ಬಟ್ಟಲು ಬೋರಲು ಹಾಕಿ ಅಜ್ಜಿ ಅವನ ಕಿವಿಯ ಹತ್ತಿರ ಬಾಗಿದಳು.

"ತುದಿಗೆ ಮುಟ್ತ್ರಿ" ಎಂದಳು.